ಹಿಮದ ಗಾಜೂ ಮತ್ತೋಡಿನ ಕುಲುಮೆಯೂ

ಕೊಟ್ಟೂರಿನ ತೇರಿನಲ್ಲಾಗಲಿ, ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಾಗಲಿ, ಬಳೆಗಾರನ ಅಂಗಡಿಯ ಮುಂದೆ ಹೆಂಗಳೆಯರು ನೆರೆಯದ ವರ್ಷವಿಲ್ಲ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಸಂತೆಗಳಲ್ಲಿಯೂ ಇದೇ ನೋಟ. ಅಲ್ಲಿ ಮಾರುವ ಗಾಜಿನ ಬಳೆ ಬಹುಮಟ್ಟಿಗೆ ಉತ್ತರಪ್ರದೇಶದ ಫಿರೋಜಾಬಾದಿನದು. ಆ ವಿದ್ಯೆ ಒಮ್ಮೆ ನಮ್ಮ ನೆರೆಯಲ್ಲಿಯೇ ಇದ್ದಿತೆಂಬುದನ್ನು ನಾವು ಮರೆತಿದ್ದೇವೆ.

ಕೂಡ್ಲಿಗಿಯ ತೆಂಕಣಕ್ಕಿರುವ ಚಿತ್ರದುರ್ಗ ಜಿಲ್ಲೆಯಲ್ಲಿ, ಹೊಸದುರ್ಗ ತಾಲ್ಲೂಕಿಗೆ ಸೇರಿದ ಮತ್ತೋಡು ಎಂಬ ಗ್ರಾಮವುಂಟು. 1801ರಲ್ಲಿ ಅಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಎಂಬ ಪ್ರವಾಸಿಯು ಬಳೆಯ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿಟ್ಟಿರುವನು. ಸವುಳು ಮಣ್ಣಿನ ಕ್ಷಾರ, ಬೆಣಚುಕಲ್ಲಿನ ಪುಡಿ ಮೊದಲಾದ ಸ್ಥಳೀಯ ವಸ್ತುಗಳಿಂದಲೇ ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂಬ ಐದು ಬಣ್ಣದ ಗಾಜು ಸಿದ್ಧವಾಗುತ್ತಿದ್ದಿತು. ಆದರೆ ಅದು ಒರಟು, ಬೆಳಕು ಹಾಯದ ಗಾಜು ಎಂಬುದು ಅವನ ಅಭಿಪ್ರಾಯ. ಆ ಕುಲುಮೆಗಳು ಆರಿ ಬಹುಕಾಲವಾಯಿತು.

ಒರಟುತನವು ಯಾವಾಗಲೂ ದೋಷವೆ? 16ನೆಯ ಶತಮಾನದಲ್ಲಿ ವೆನಿಸ್ ನಗರದ ಕುಶಲಿಗಳು 'ಹಿಮದ ಗಾಜು' ಎಂಬುದನ್ನು ಮಾಡತೊಡಗಿದರು. ಊದುಗೊಳವೆಯ ತುದಿಯ ಕಾದ ಗಾಜಿನ ಮುದ್ದೆಯನ್ನು ಕ್ಷಣಮಾತ್ರ ತಣ್ಣೀರಿನಲ್ಲಿ ಅದ್ದಿದರೆ, ಹೊರಮೈ ಥಟ್ಟನೆ ಕುಗ್ಗಿ ಬಿರಿಯುವುದು. ಒಳಗು ಮೆತ್ತಗೆಯೇ ಉಳಿಯುವುದು. ಮರಳಿ ಕಾಯಿಸಿ ಊದಿದರೆ ಬಿರುಕು ಅಗಲವಾಗಿ, ಅದರ ಅಂಚು ಕರಗಿ ನುಣುಪಾಗುವುದು. ಕಾದ ಮುದ್ದೆಯನ್ನು ಗಾಜಿನ ಚೂರುಗಳ ಮೇಲೆ ಹೊರಳಿಸುವುದು ಇನ್ನೊಂದು ಕ್ರಮ. ಕೊನೆಗೆ ನಿಧಾನವಾಗಿ ಆರಿಸದಿದ್ದರೆ ಪಾತ್ರೆ ಒಡೆಯುವುದು ಖಂಡಿತ. ಹೀಗೆ ಮಂಜುಗಡ್ಡೆಯಂತೆ ತೋರುವ ಪಾತ್ರೆಗಳು ಶ್ರೀಮಂತರ ಮೇಜುಗಳನ್ನು ಅಲಂಕರಿಸಿದವು. ಇಂದಿಗೂ ಅಂತಹ ಕೈಗೆಲಸಕ್ಕೆ ಒಳ್ಳೆಯ ಬೆಲೆಯುಂಟು.

ಅರಿಯದೆ ಬಿದ್ದ ಬಿರುಕು ನಷ್ಟ; ಅರಿತು ಬೀಳಿಸಿದ ಬಿರುಕು ಕಲೆ. ಎರಡಕ್ಕೂ ನಡುವಿನ ಅಂತರವು ಕಚ್ಚಾವಸ್ತುವಿನದಲ್ಲ, ಶಿಕ್ಷಣದ್ದು. ಕೂಡ್ಲಿಗಿಯ ಮಗ್ಗುಲಿನ ಸಂಡೂರಿನಲ್ಲಿ, ಲಂಬಾಣಿ ಹೆಂಗಸರು ಕನ್ನಡಿಬಿಲ್ಲೆಗಳನ್ನು ಹೊಲಿದು ಮಾಡುವ ಕಸೂತಿಗೆ ಭೌಗೋಳಿಕ ಗುರುತಿನ ಗೌರವವು ಸಂದಿದೆ. ಕೈಗೆಲಸದಲ್ಲಿ ನಮ್ಮವರು ಹಿಂದಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆದುದರಿಂದ ನಮ್ಮ ಸೂಚನೆ ಇಷ್ಟೆ. ಈ ಸೀಮೆಯ ಕೈಗಾರಿಕಾ ತರಬೇತಿ ಶಾಲೆಗಳಲ್ಲಿ ಒಂದಾದರೂ ಸಣ್ಣ ಗಾಜಿನ ಕುಲುಮೆಯನ್ನು ಹೂಡಲಿ. ಬಲ್ಲವರನ್ನು ಫಿರೋಜಾಬಾದಿನಿಂದಲೇ ಕರೆಸಲಿ. ಹೊರಗಿನವರಿಂದ ವಿದ್ಯೆ ಕಲಿಯುವುದು ನಾಚಿಕೆಯಲ್ಲ. ಇದ್ದ ವಿದ್ಯೆಯನ್ನು ಕಳೆದುಕೊಂಡು ಸುಮ್ಮನಿರುವುದು ನಾಚಿಕೆ.