ಕುರ್ಚಿಯಲ್ಲೇ ಕೂತು ಅಜ್ಜಿ ಗೆದ್ದ ಆಟ

ಕಳೆದ ದಸರಾ ರಜೆಗೆ ನಾವಿಬ್ಬರೂ ಬೆಂಗಳೂರಿನ ಮಗಳ ಮನೆಗೆ ಹೋಗಿದ್ದೆವು. ಮೊಮ್ಮಗ ಟಿ.ವಿ.ಗೆ ಒಂದು ಬಿಳಿ ಪೆಟ್ಟಿಗೆ ಜೋಡಿಸುತ್ತಿದ್ದ. "ಮತ್ತೆ ವಿಡಿಯೊ ಗೇಮಾ? ಕಣ್ಣು ಹಾಳಾಗುತ್ತೆ ಕಣೋ" ಎಂದು ಗೊಣಗಿದೆ. "ಇದು ಬರೀ ಗುಂಡಿ ಒತ್ತೋ ಆಟ ಅಲ್ಲ ತಾತ, ಕೈ ಬೀಸಿ ಆಡೋದು. ನೀವೂ ಬನ್ನಿ" ಎಂದ.

ಅದರ ಹೆಸರು 'ವೀ'. ಜಪಾನಿನ ನಿಂಟೆಂಡೊ ಕಂಪನಿ 2006ರಲ್ಲಿ ಮಾರುಕಟ್ಟೆಗೆ ತಂದದ್ದು. ಅಮೆರಿಕದಲ್ಲಿರುವ ಅವನ ದೊಡ್ಡಪ್ಪ ಕೊಟ್ಟ ಹಳೆಯ ಪೆಟ್ಟಿಗೆ. 1889ರಲ್ಲಿ ಈ ಕಂಪನಿ ಶುರುವಾದಾಗ ಮಾಡುತ್ತಿದ್ದದ್ದು ಆಟದ ಎಲೆಗಳನ್ನಂತೆ! ಇಸ್ಪೀಟು ಆಡಿ ಬೆಳೆದ ನನಗೆ ಅದನ್ನು ಕೇಳಿ ಖುಷಿಯಾಯಿತು.

ರಿಮೋಟಿನೊಳಗಿನ ಪುಟ್ಟ ಚಿಪ್ ನಮ್ಮ ಕೈ ಬೀಸಿದ ರಭಸವನ್ನು ಅಳೆಯುತ್ತದೆ. ಟಿ.ವಿ. ಬಳಿ ಇಡುವ ಪಟ್ಟಿ ನಮ್ಮನ್ನು ನೋಡುತ್ತದೆ ಎಂದುಕೊಂಡಿದ್ದೆ. ಅದು ಉಲ್ಟಾ! ಪಟ್ಟಿ ಕಣ್ಣಿಗೆ ಕಾಣದ ಬೆಳಕು ಬಿಡುತ್ತದೆ, ಅದನ್ನು ನೋಡುವ ಕ್ಯಾಮೆರಾ ರಿಮೋಟಿನಲ್ಲಿದೆ.

ಮೊದಲು ಟೆನಿಸ್. ಜೋರಾಗಿ ಬೀಸಿದೆ. ರಿಮೋಟ್ ಕೈಜಾರಿ ಸೋಫಾ ಮೇಲೆ ಬಿತ್ತು. "ದಾರ ಮಣಿಕಟ್ಟಿಗೆ ಹಾಕ್ಕೊಳ್ಳಿ ತಾತ!" ಎಂದು ಮೊಮ್ಮಗ ಗದರಿದ. ಆಟ ಬಂದ ಹೊಸದರಲ್ಲಿ ಹಲವರ ಕೈಯಲ್ಲಿ ದಾರವೇ ಕಿತ್ತುಹೋಗಿ, ಕಂಪನಿ ಗಟ್ಟಿ ದಾರ ಬದಲಾಯಿಸಿ ಕೊಟ್ಟಿತ್ತಂತೆ.

ನಮ್ಮ ಮನೆಯವಳು ನಗುತ್ತಾ ಕೂತಿದ್ದಳು. ಮಂಡಿ ಆಪರೇಷನ್ ಆಗಿ ಆರು ತಿಂಗಳು. ಮೊಮ್ಮಗನಿಗೆ ಕುಂಟಾಬಿಲ್ಲೆ ಕಲಿಸಿದವಳು, ಈಗ ಯಾರು ಕರೆದರೂ "ನೀವು ಆಡಿ, ನಾನು ನೋಡ್ತೀನಿ" ಎನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಮೊಮ್ಮಗ ಬೌಲಿಂಗ್ ಆಟ ಹಾಕಿದ. ಚೆಂಡು ಉರುಳಿಸಿ ಹತ್ತು ಪಿನ್ ಬೀಳಿಸಬೇಕು. ಒಂದೇ ರಿಮೋಟನ್ನು ಕೈಯಿಂದ ಕೈಗೆ ಕೊಟ್ಟು ನಾಲ್ಕು ಜನ ಆಡಬಹುದು. "ಅಜ್ಜಿ, ಇದಕ್ಕೆ ಎದ್ದು ನಿಲ್ಲೋದೇ ಬೇಡ" ಎಂದು ಅವಳ ಮಣಿಕಟ್ಟಿಗೆ ತಾನೇ ದಾರ ಹಾಕಿದ. "ಈ ಗುಂಡಿ ಹಿಡ್ಕೊಂಡು ಕೈ ಬೀಸಿ, ಮುಂದೆ ಬಂದಾಗ ಬಿಟ್ಟುಬಿಡಿ."

ಮೊದಲ ಚೆಂಡು ಪಕ್ಕದ ಚರಂಡಿಗೆ ಹೋಯಿತು. ಎರಡನೆಯದಕ್ಕೆ ಮೂರು ಪಿನ್. ಐದನೇ ಸರದಿಯಲ್ಲಿ ಹತ್ತೂ ಉರುಳಿದವು! ಪಕ್ಕದ ಮನೆಯ ಹುಡುಗ ಕುಣಿದುಬಿಟ್ಟ.

ಲೆಕ್ಕ ನನ್ನ ಕೆಲಸ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಲ್ಲವೇ? ಒಂದೇ ಚೆಂಡಿಗೆ ಹತ್ತೂ ಬಿದ್ದರೆ 'ಸ್ಟ್ರೈಕ್'. ಆಗ ಹತ್ತರ ಜೊತೆಗೆ ಮುಂದಿನ ಎರಡು ಚೆಂಡುಗಳ ಅಂಕವೂ ಸೇರುತ್ತದೆ. ಮುಂದೆ 7 ಮತ್ತು 2 ಬಂದರೆ ಸ್ಟ್ರೈಕಿಗೆ 19, ಆಮೇಲಿನ ಸರದಿಗೆ 9, ಒಟ್ಟು 28. ಟಿ.ವಿ. ತಾನೇ ಕೂಡಿದರೂ ಮೊಮ್ಮಗ ನನ್ನ ಡೈರಿಯಲ್ಲಿ ಕೂಡಿ ತಾಳೆ ನೋಡಿದ.

ಕೊನೆಗೆ ಅಜ್ಜಿ 112, ಮೊಮ್ಮಗ 104, ಪಕ್ಕದ ಮನೆ ಹುಡುಗ 96, ನಾನು 87. ಯಾರೂ ಬೇಕೆಂದು ಸೋಲಲಿಲ್ಲ; ಮೊಮ್ಮಗನ ಸಪ್ಪೆ ಮುಖವೇ ಸಾಕ್ಷಿ. ಅಲ್ಲಿ ಬೇಕಾದದ್ದು ಮಂಡಿಯ ಬಲವಲ್ಲ, ಕೈಯ ಹದ. ಅದು ವರ್ಷಗಟ್ಟಲೆ ರೊಟ್ಟಿ ತಟ್ಟಿದ ಕೈ.

ರಾತ್ರಿ ಊಟಕ್ಕೆ ಕೂತಾಗ ಅವಳೇ ಕೇಳಿದಳು: "ನಾಳೆ ಎಷ್ಟು ಹೊತ್ತಿಗೆ ಆಟ?"

ಮಕ್ಕಳೇ, ನಿಮ್ಮ ಮನೆಯಲ್ಲಿ ಇಂಥ ಪೆಟ್ಟಿಗೆ ಇದ್ದರೆ ಅಜ್ಜಿ-ತಾತನಿಗೂ ಒಂದು ಸರದಿ ಇರಲಿ. ಇಲ್ಲದಿದ್ದರೆ ಚೌಕಾಬಾರ ಇದ್ದೇ ಇದೆ. "ನಾನು ನೋಡ್ತೀನಿ" ಎಂದರೆ ಅಷ್ಟಕ್ಕೇ ಬಿಡಬೇಡಿ, ಇನ್ನೊಮ್ಮೆ ಕರೆಯಿರಿ.