ಮಂಜುಗಡ್ಡೆಯ ಮೇಲಣ ವಿದ್ಯಾರ್ಥಿನಿಯರು

ಹಾಕಿಯೆಂದೊಡನೆ ನಮ್ಮ ವಾಚಕರ ಕಣ್ಣಮುಂದೆ ನಿಲ್ಲುವುದು ಹುಲ್ಲಿನ ಮೈದಾನವೂ ಬಿಳಿಯ ಚೆಂಡೂ. ಉತ್ತರ ಅಮೆರಿಕದಲ್ಲಿ ಅದೇ ಹೆಸರಿನಿಂದ ಆಡುವ ಆಟದ ರೀತಿಯೇ ಬೇರೆ. ಅಲ್ಲಿ ನೆಲವೆಲ್ಲ ಮಂಜುಗಡ್ಡೆ. ಕಾಲಿಗೆ ಉಕ್ಕಿನ ಅಲಗು ಜೋಡಿಸಿದ ಬೂಟು. ಚೆಂಡಿಗೆ ಬದಲಾಗಿ ರಬ್ಬರಿನ ಚಪ್ಪಟೆ ಬಿಲ್ಲೆ. ಗೋಲುರಕ್ಷಕರೂ ಸೇರಿ ಪಕ್ಷಕ್ಕೆ ಆರು ಮಂದಿ. ಇಪ್ಪತ್ತು ನಿಮಿಷಗಳ ಮೂರು ಅವಧಿಗಳು. ಈ ಆಟವನ್ನು ಅಮೆರಿಕದ ವಿದ್ಯಾರ್ಥಿನಿಯರು 2024–25ರ ಋತುವಿನಲ್ಲಿ ಆಡಿದ ಬಗೆಯನ್ನೂ, ಆ ವೈಭವದ ಹಿಂದಿರುವ ಪಾಠವನ್ನೂ ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಅಲ್ಲಿಯ ವಿಶ್ವವಿದ್ಯಾನಿಲಯಗಳು ಪ್ರಾಂತಪ್ರಾಂತಗಳಾಗಿ ಕೂಟಗಳನ್ನು ಕಟ್ಟಿಕೊಂಡು ಆಡುತ್ತವೆ. ಅವುಗಳಲ್ಲಿ ವೆಸ್ಟರ್ನ್ ಕಾಲೇಜಿಯೇಟ್ ಹಾಕಿ ಅಸೋಸಿಯೇಷನ್ ಎಂಬ ಕೂಟದ ಮಹಿಳಾ ವಿಭಾಗವು ಆರಂಭವಾದುದು 1999ರಲ್ಲಿ. 2024–25ರಲ್ಲಿ ಇದರಲ್ಲಿದ್ದ ತಂಡಗಳು ಎಂಟು: ಆರು ಮಿನ್ನೆಸೋಟಾ ಸಂಸ್ಥಾನದವು, ಉಳಿದವು ವಿಸ್ಕಾನ್ಸಿನ್ ಮತ್ತು ಓಹಾಯೋ ಸ್ಟೇಟ್. ರಾಷ್ಟ್ರೀಯ ಕಾಲೇಜು ಪಂದ್ಯಾವಳಿಯು 2001ರಲ್ಲಿ ಪ್ರಾರಂಭವಾದಂದಿನಿಂದ 2025ರವರೆಗೆ, ಸಾಂಕ್ರಾಮಿಕ ರೋಗದಿಂದ ನಿಂತುಹೋದ 2020ನ್ನು ಬಿಟ್ಟರೆ, ಇಪ್ಪತ್ತನಾಲ್ಕು ಸಲ ನಡೆದಿದೆ. ಇಪ್ಪತ್ತೊಂದು ಸಲ ವಿಜಯವು ಈ ಒಂದೇ ಕೂಟದ ಪಾಲಾಯಿತು. ಉಳಿದ ಮೂರು ಸಲವೂ ಗೆದ್ದದ್ದು ಕ್ಲಾರ್ಕ್‌ಸನ್ ವಿಶ್ವವಿದ್ಯಾನಿಲಯ.

ಆ ಋತುವಿನಲ್ಲಿ ವಿಸ್ಕಾನ್ಸಿನ್ ತಂಡವು ನಲವತ್ತೊಂದು ಪಂದ್ಯಗಳಲ್ಲಿ ಮೂವತ್ತೆಂಟನ್ನು ಗೆದ್ದು, ಎರಡನ್ನು ಸಮ ಮಾಡಿಕೊಂಡು, ಒಂದನ್ನು ಮಾತ್ರ ಸೋತಿತು. ನಾಯಕಿ ಕುಮಾರಿ ಕೇಸಿ ಓಬ್ರಿಯನ್‌ರವರು ಗೋಲುಗಳನ್ನೂ ಗೋಲಿಗೆ ಒದಗಿಸಿದ ನೆರವುಗಳನ್ನೂ ಕೂಡಿಸಿ 88 ಅಂಕಗಳನ್ನು ಗಳಿಸಿ, ಕಾಲೇಜು ಹಾಕಿಯಲ್ಲಿ ಮಹಿಳೆಯರಿಗೆ ಸಲ್ಲುವ ಅತ್ಯುನ್ನತವಾದ ಪ್ಯಾಟಿ ಕಾಜ್‌ಮೇಯರ್ ಪ್ರಶಸ್ತಿಗೆ ಪಾತ್ರರಾದರು. ಅವರ ಜೊತೆಗಾರ್ತಿ ಕುಮಾರಿ ಲೈಲಾ ಎಡ್ವರ್ಡ್ಸ್‌ರವರು ಅಮೆರಿಕದ ಹಿರಿಯರ ಮಹಿಳಾ ತಂಡದಲ್ಲಿ ಆಡಿದ ಪ್ರಥಮ ಕರಿಯ ಜನಾಂಗದ ಮಹಿಳೆ. ಇವರೆಲ್ಲರ ಶಿಕ್ಷಕರಾದ ಮಾರ್ಕ್ ಜಾನ್‌ಸನ್‌ರವರು 1980ರ ಒಲಿಂಪಿಕ್ಸಿನಲ್ಲಿ ಸೋವಿಯೆತ್ ರಷ್ಯದ ತಂಡದ ಮೇಲೆ ಎರಡು ಗೋಲುಗಳನ್ನು ಹೊಡೆದ ವೀರರು.

ಆದರೆ ಪ್ರತಿಸ್ಪರ್ಧಿಯಿಲ್ಲದ ಬಲಕ್ಕೆ ಬೆಲೆಯಿಲ್ಲ. 2023ರ ರಾಷ್ಟ್ರೀಯ ಅಂತಿಮ ಪಂದ್ಯದಲ್ಲಿ ವಿಸ್ಕಾನ್ಸಿನ್ ಓಹಾಯೋವನ್ನು ಒಂದೇ ಗೋಲಿನಿಂದ ಸೋಲಿಸಿತ್ತು. 2024ರಲ್ಲಿ ಓಹಾಯೋ ಒಂದೇ ಗೋಲಿನಿಂದ ಆ ಸಾಲವನ್ನು ತೀರಿಸಿತ್ತು. 2025ರ ಮಾರ್ಚ್ 23ರಂದು ಮಿನ್ನಿಯಾಪೊಲಿಸ್ ನಗರದಲ್ಲಿ ಇವೆರಡೇ ತಂಡಗಳು ಮೂರನೆಯ ಬಾರಿ ಎದುರುಬದುರು ನಿಂತವು. ಕೊನೆಯ ನಿಮಿಷದಲ್ಲಿ ಓಹಾಯೋ ಮೂರಕ್ಕೆ ಎರಡರಿಂದ ಮುಂದಿತ್ತು. ಆಗ ಗೋಲಿನ ಬಾಯಲ್ಲಿ ಓಹಾಯೋ ಆಟಗಾರ್ತಿಯೊಬ್ಬರ ಕೈ ಬಿಲ್ಲೆಯನ್ನು ಮುಚ್ಚಿತೆಂದು ತೀರ್ಪುಗಾರರು ಚಿತ್ರಗಳನ್ನು ಪರಿಶೀಲಿಸಿ ನಿರ್ಣಯಿಸಿ, ವಿಸ್ಕಾನ್ಸಿನ್ನಿಗೆ ಪೆನಾಲ್ಟಿ ಹೊಡೆತವನ್ನು ಕೊಟ್ಟರು. ಉಳಿದಿದ್ದುದು 18.9 ಸೆಕೆಂಡು. ಮುನ್ನುಗ್ಗಿದವರು ಕುಮಾರಿ ಕರ್ಸ್ಟನ್ ಸಿಮ್ಸ್. 2023ರ ಏಕೈಕ ಗೋಲೂ ಇವರದೇ. ಗೋಲುರಕ್ಷಕಿಯೊಬ್ಬರನ್ನೇ ಎದುರಿಟ್ಟುಕೊಂಡು ಅವರು ಬಿಲ್ಲೆಯನ್ನು ಬಲೆಗೆ ಸೇರಿಸಿದರು. ಹೆಚ್ಚಿನ ಅವಧಿಯ ಮೂರನೆಯ ನಿಮಿಷದಲ್ಲಿ ವಿಜಯದ ಗೋಲನ್ನೂ ಅವರೇ ಹೊಡೆದರು. ವಿಸ್ಕಾನ್ಸಿನ್ನಿಗೆ ಅದು ಎಂಟನೆಯ ರಾಷ್ಟ್ರೀಯ ವಿಜಯ.

ಇಷ್ಟನ್ನು ಓದಿ ಸಂತೋಷಪಡುವವರು ಇನ್ನೊಂದು ಸಂಗತಿಯನ್ನೂ ಮರೆಯಲಾಗದು. ಈ ಹೆಣ್ಣುಮಕ್ಕಳ ಕಾಲಿಗೆ ನೆಲವನ್ನು ಒದಗಿಸಿದುದು ಕಾನೂನು. ಸರ್ಕಾರದ ಹಣವನ್ನು ಪಡೆಯುವ ಯಾವ ವಿದ್ಯಾಸಂಸ್ಥೆಯೂ ಗಂಡು ಹೆಣ್ಣೆಂಬ ಭೇದವನ್ನು ಎಣಿಸಕೂಡದೆಂದು 1972ರಲ್ಲಿ ಅಮೆರಿಕದ ಕಾಂಗ್ರೆಸ್ ಸಭೆಯು ವಿಧಿಸಿತು. ಆ ವಾಕ್ಯದಲ್ಲಿ ಆಟವೆಂಬ ಶಬ್ದವೇ ಇಲ್ಲ. ಆದರೂ ಮಹಿಳೆಯರ ಕ್ರೀಡೆಗೆ ಅದೇ ಬಾಗಿಲಾಯಿತು.

ತೆರೆದ ಬಾಗಿಲನ್ನು ಲೆಕ್ಕದ ಪುಸ್ತಕವು ಮುಚ್ಚಬಲ್ಲುದು. ಇದೇ ಕೂಟದಲ್ಲಿ ನಾರ್ತ್ ಡಕೋಟಾ ವಿಶ್ವವಿದ್ಯಾನಿಲಯದ ತಂಡವೂ ಇತ್ತು. 2017ರ ಮಾರ್ಚಿಯಲ್ಲಿ ಆದಾಯವ್ಯಯದ ಕೊರತೆಯ ಕಾರಣವಾಗಿ ಅದನ್ನು ವಿಸರ್ಜಿಸಲಾಯಿತು. ಗಂಡಸರ ಹಾಕಿ ತಂಡವು ಮಾತ್ರ ಉಳಿಯಿತು. ಒಂದು ವರ್ಷವೂ ತುಂಬುವುದರೊಳಗೆ, 2018ರ ಫೆಬ್ರವರಿಯಲ್ಲಿ, ಒಲಿಂಪಿಕ್ಸಿನ ಅಂತಿಮ ಪಂದ್ಯದಲ್ಲಿ ಕೆನಡಾದ ಎದುರು ಸಮಮಾಡಿದ ಗೋಲನ್ನು ಮೋನಿಕ್ ಲಾಮರೂರವರೂ, ಚಿನ್ನವನ್ನು ಗೆದ್ದುಕೊಟ್ಟ ಹೊಡೆತವನ್ನು ಅವರ ಅವಳಿ ಸೋದರಿ ಜೋಸ್ಲಿನ್‌ರವರೂ ಹೊಡೆದರು. ಅಮೆರಿಕದ ಮಹಿಳೆಯರಿಗೆ ಇಪ್ಪತ್ತು ವರ್ಷಗಳ ಮೇಲೆ ದೊರೆತ ಚಿನ್ನವದು. ಆ ಸೋದರಿಯರು ಪಳಗಿದುದು ಯಾವ ತಂಡದಲ್ಲಿ? ಹಣವಿಲ್ಲವೆಂದು ಮುಚ್ಚಿದ ಆ ನಾರ್ತ್ ಡಕೋಟಾ ತಂಡದಲ್ಲಿಯೇ!

ಫಲವನ್ನು ಉಣ್ಣುವ ಮುನ್ನವೇ ಮರವನ್ನು ಕಡಿದ ಕಥೆಯಿದು. ಹದಿನೆಂಟು ಸೆಕೆಂಡುಗಳಲ್ಲಿ ಪಂದ್ಯವನ್ನು ತಿರುಗಿಸಬಹುದು. ಆದರೆ ಅಂತಹ ಆಟಗಾರ್ತಿಯರನ್ನು ತಯಾರಿಸಲು ದಶಕಗಳೇ ಬೇಕು. ವಿದ್ಯಾಸಂಸ್ಥೆಗಳ ಹಣದ ಕೀಲಿಕೈಯನ್ನು ಹಿಡಿದಿರುವವರು, ಮುಗ್ಗಟ್ಟಿನ ವರ್ಷಗಳಲ್ಲಿ ಕತ್ತರಿ ಮೊದಲು ಹೆಣ್ಣುಮಕ್ಕಳ ಕಡೆಗೇ ತಿರುಗದಂತೆ ನೋಡಿಕೊಳ್ಳಬೇಕು. ಚಪ್ಪಾಳೆ ತಟ್ಟುವುದಕ್ಕೆ ಖರ್ಚಿಲ್ಲ; ತಂಡವನ್ನು ಉಳಿಸಿಕೊಳ್ಳುವುದಕ್ಕೆ ಉಂಟು. ಆ ಖರ್ಚನ್ನು ವಹಿಸುವವರೇ ವಿಜಯದಲ್ಲಿ ಪಾಲುದಾರರು.