ಕಾಯಿಲೆ ಬಿದ್ದ ದಾದಿಯ ಕರ್ತವ್ಯ

ರೋಗಿಯ ಪಾಲಿಗೆ ಆಸ್ಪತ್ರೆಯೆಂದರೆ ಬಹುಮಟ್ಟಿಗೆ ದಾದಿಯೇ. ವೈದ್ಯರು ದಿನಕ್ಕೆ ಒಂದೆರಡು ಬಾರಿ ಬಂದು ಪರೀಕ್ಷಿಸಿ, ಚಿಕಿತ್ಸೆಯನ್ನು ಗೊತ್ತುಪಡಿಸಿ ಹೋಗುತ್ತಾರೆ. ಔಷಧವನ್ನು ಹೊತ್ತಿಗೆ ಸರಿಯಾಗಿ ಕೊಡುವವರು, ಜ್ವರದ ಏರಿಳಿತವನ್ನು ಗುರುತು ಹಾಕಿಡುವವರು, ಗಾಯವನ್ನು ತೊಳೆದು ಕಟ್ಟುವವರು, ಎದ್ದು ಕೂರಲಾರದವರನ್ನು ಮಗ್ಗುಲು ಬದಲಾಯಿಸಿ ಮಲಗಿಸುವವರು, ನಡುರಾತ್ರಿಯ ನರಳಾಟಕ್ಕೆ ಓಗೊಡುವವರು ದಾದಿಯರು. ಈಗ ಈ ವೃತ್ತಿಯಲ್ಲಿ ಪುರುಷರೂ ಇದ್ದಾರೆ; ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಇವರನ್ನು ಶುಶ್ರೂಷಾಧಿಕಾರಿಗಳೆಂದು ಕರೆಯುವುದುಂಟು. ಹೆಸರು ಯಾವುದಾದರೂ ಕೆಲಸ ಒಂದೇ: ರೋಗಿಯ ಹತ್ತಿರವಿದ್ದು ಆತನನ್ನು ಕಾಪಾಡುವುದು.

ಇಂತಹ ದಾದಿಗೇ ಒಂದು ದಿನ ಕಾಯಿಲೆಯಾಯಿತೆಂದು ಭಾವಿಸೋಣ. ಬೆಳಗ್ಗೆ ಎದ್ದಾಗ ಮೈ ಸುಡುತ್ತಿದೆ, ಗಂಟಲು ನೋಯುತ್ತಿದೆ, ಕೆಮ್ಮು ಬಿಡದೆ ಕಾಡುತ್ತಿದೆ. ಆಕೆಯ ಪಾಳಿ ಆರಂಭವಾಗಲು ಇನ್ನು ಒಂದೇ ಗಂಟೆಯಿದೆ. ಆಕೆ ಒಂದು ಮಾತ್ರೆಯನ್ನು ನುಂಗಿ ಕೆಲಸಕ್ಕೆ ಹೊರಡಬೇಕೆ, ಅಥವಾ ಮನೆಯಲ್ಲಿಯೇ ಉಳಿಯಬೇಕೆ? ನೋಡುವುದಕ್ಕೆ ಇದು ಒಬ್ಬರ ಮನೆಯ ಸಣ್ಣ ವಿಷಯದಂತೆ ತೋರುತ್ತದೆ. ಆದರೆ ಆಕೆಯ ತೀರ್ಮಾನದ ಫಲವನ್ನು ಅನುಭವಿಸುವವರು ವಾರ್ಡಿನಲ್ಲಿ ಮಲಗಿರುವ ಇತರರು. ಆದುದರಿಂದ ಈ ಪ್ರಶ್ನೆಯನ್ನು ನಾವೆಲ್ಲರೂ ಯೋಚಿಸಿ ನೋಡುವುದು ಉಚಿತ.

ಹೋಗಬೇಕೆಂಬ ಪಕ್ಷಕ್ಕೆ ಬಲವಿಲ್ಲದಿಲ್ಲ. ಅಂಗಡಿಯನ್ನು ಒಂದು ದಿನ ಮುಚ್ಚಬಹುದು, ಕಚೇರಿಯ ಕಡತವನ್ನು ನಾಳೆಗೆ ಇರಿಸಬಹುದು. ರೋಗಿಯ ಕಾಯಿಲೆಯನ್ನು ನಾಳೆ ಬಾರೆಂದು ಹೇಳಿ ಕಳುಹಿಸಲಾಗದು. ಒಂದು ವಾರ್ಡಿನ ಮೂವತ್ತು ರೋಗಿಗಳನ್ನು ಮೂವರು ದಾದಿಯರು ನೋಡಿಕೊಳ್ಳುತ್ತಿದ್ದಾರೆಂದು ಇಟ್ಟುಕೊಳ್ಳಿ. ಒಬ್ಬರು ಬಾರದಿದ್ದರೆ ಉಳಿದ ಇಬ್ಬರ ಮೇಲೆ ತಲಾ ಹದಿನೈದು ರೋಗಿಗಳ ಭಾರ ಬೀಳುತ್ತದೆ. ಔಷಧ ತಡವಾಗುತ್ತದೆ, ಕರೆದವರಿಗೆ ಉತ್ತರ ದೊರೆಯುವುದಿಲ್ಲ. ತಾನು ಮಲಗಿದರೆ ಇವರ ಗತಿಯೇನೆಂದು ದಾದಿಯು ಚಿಂತಿಸುವುದು ಆಕೆಯ ಒಳ್ಳೆಯ ಮನಸ್ಸಿನ ಲಕ್ಷಣವೇ ಹೊರತು ಅವಿವೇಕವಲ್ಲ.

ಆದರೆ ಒಳ್ಳೆಯ ಮನಸ್ಸೊಂದೇ ಸಾಲದೆಂಬುದನ್ನು ವೈದ್ಯಶಾಸ್ತ್ರದ ಚರಿತ್ರೆಯು ಬಹಳ ಹಿಂದೆಯೇ ತೋರಿಸಿಕೊಟ್ಟಿದೆ. 19ನೆಯ ಶತಮಾನದ ಮಧ್ಯಭಾಗದಲ್ಲಿ ಆಸ್ಟ್ರಿಯಾದ ರಾಜಧಾನಿಯಾದ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರೂ ವೈದ್ಯವಿದ್ಯಾರ್ಥಿಗಳೂ, ಇನ್ನೊಂದರಲ್ಲಿ ಸೂಲಗಿತ್ತಿಯರೂ ಹೆರಿಗೆ ಮಾಡಿಸುತ್ತಿದ್ದರು. ವೈದ್ಯರ ವಿಭಾಗದಲ್ಲಿಯೇ ಬಾಣಂತಿಯರು ಹೆಚ್ಚಾಗಿ ಜ್ವರದಿಂದ ಸಾಯುತ್ತಿದ್ದರು. 1846ರಲ್ಲಿ ಅಲ್ಲಿ ನೂರಕ್ಕೆ ಸುಮಾರು 11 ತಾಯಂದಿರು ಮೃತರಾದರು. ಶವಪರೀಕ್ಷೆಯ ಕೊಠಡಿಯಿಂದ ನೇರವಾಗಿ ಬರುತ್ತಿದ್ದ ವೈದ್ಯರ ಕೈಗಳೇ ರೋಗವನ್ನು ಹೊತ್ತು ತರುತ್ತಿವೆಯೆಂದು ಇಗ್ನಾಟ್ಸ್ ಸೆಮ್ಮೆಲ್‌ವೈಸ್ ಎಂಬ ಯುವ ವೈದ್ಯನು ಊಹಿಸಿದನು. 1847ರಲ್ಲಿ ಎಲ್ಲರೂ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಬರಬೇಕೆಂದು ಕಟ್ಟುಮಾಡಿದನು. 1848ರಲ್ಲಿ ಸಾವಿನ ಪ್ರಮಾಣವು ನೂರಕ್ಕೆ ಒಂದಕ್ಕಿಂತ ಸ್ವಲ್ಪ ಮೇಲೆ ಮಾತ್ರ ಉಳಿಯಿತು. ಆ ವೈದ್ಯರಲ್ಲಿ ಯಾರೂ ಕೆಟ್ಟವರಾಗಿರಲಿಲ್ಲ. ಎಲ್ಲರೂ ಶ್ರದ್ಧೆಯಿಂದಲೇ ದುಡಿಯುತ್ತಿದ್ದರು. ಆದರೂ ಕಾಪಾಡಲು ಬಂದ ಕೈಯೇ ರೋಗದ ದಾರಿಯಾಗಿತ್ತು.

ಆ ವೈದ್ಯರು ಸ್ವತಃ ರೋಗಿಗಳಾಗಿರಲಿಲ್ಲ. ಉಪಚರಿಸುವವರಿಗೇ ಸೋಂಕು ತಗಲಿದ್ದರೆ ಅಪಾಯವು ಇನ್ನೂ ಸಮೀಪದ್ದು. ಇನ್‌ಫ್ಲುಯೆಂಜಾ ಜ್ವರವನ್ನೇ ತೆಗೆದುಕೊಳ್ಳೋಣ. ಅದು ತಗಲಿದ ವಯಸ್ಕರು ರೋಗದ ಚಿಹ್ನೆಗಳು ಕಾಣಿಸಿಕೊಳ್ಳುವುದಕ್ಕೆ ಒಂದು ದಿನ ಮೊದಲಿನಿಂದ ಆರಂಭಿಸಿ, ಕಾಣಿಸಿಕೊಂಡ ಮೇಲೆ ಸುಮಾರು ಐದರಿಂದ ಏಳು ದಿನಗಳವರೆಗೆ ಅದನ್ನು ಇತರರಿಗೆ ಹರಡಬಲ್ಲರು. ಕೆಮ್ಮಿದಾಗ, ಸೀನಿದಾಗ, ಮಾತನಾಡಿದಾಗ ಹೊರಬೀಳುವ ಸೂಕ್ಷ್ಮ ಹನಿಗಳಲ್ಲಿ ವೈರಸ್ಸುಗಳಿರುತ್ತವೆ. ವಾಂತಿಭೇದಿಯನ್ನುಂಟುಮಾಡುವ ನೋರೋವೈರಸ್ ಎಂಬುದಂತೂ ಕೆಲವೇ ಕಣಗಳು ದೇಹವನ್ನು ಹೊಕ್ಕರೂ ರೋಗವನ್ನು ತರಬಲ್ಲದು. ಆರೋಗ್ಯವಂತನೊಬ್ಬನು ಇಂತಹ ಜ್ವರವನ್ನು ನಾಲ್ಕು ದಿನ ಮಲಗಿ ಕಳೆದುಕೊಳ್ಳಬಹುದು. ಆದರೆ ಆಸ್ಪತ್ರೆಯಲ್ಲಿರುವವರು ಯಾರು? ಅಂದು ಹುಟ್ಟಿದ ಹಸುಗೂಸುಗಳು, ವೃದ್ಧರು, ಹೃದ್ರೋಗಿಗಳು, ಕ್ಯಾನ್ಸರ್ ಚಿಕಿತ್ಸೆಯಿಂದ ರೋಗನಿರೋಧಕ ಶಕ್ತಿಯನ್ನು ಕಳೆದುಕೊಂಡವರು. ದಾದಿಗೆ ಬರಿಯ ನೆಗಡಿಯಾಗಿ ತೋರುವುದು ಇವರಲ್ಲಿ ಒಬ್ಬರಿಗೆ ಪ್ರಾಣಾಂತಿಕವಾಗಬಹುದು.

ಸೋಂಕಿನ ಮಾತು ಹಾಗಿರಲಿ. ಜ್ವರದಿಂದ ಬಳಲಿದ ಮನಸ್ಸು ಎಚ್ಚರವಾಗಿರುವುದಿಲ್ಲ. ಒಂದು ಔಷಧದ ಪ್ರಮಾಣವನ್ನು ಅಳೆಯುವಾಗ ದಶಮಾಂಶದ ಬಿಂದುವೊಂದು ಸ್ಥಾನ ತಪ್ಪಿದರೆ ರೋಗಿಗೆ ಸಲ್ಲಬೇಕಾದುದರ ಹತ್ತು ಪಟ್ಟು ಸಂದೀತು. ದಾದಿಯ ಕೆಲಸವು ಇಂತಹ ಸಣ್ಣ ಲೆಕ್ಕಗಳಿಂದ ತುಂಬಿದೆ. ಆದುದರಿಂದ ಅಂಟುರೋಗವಲ್ಲದ ಕಾಯಿಲೆಯಲ್ಲಿಯೂ, ತನ್ನ ಕೈ ನಡುಗುತ್ತಿದೆಯೆ, ತನ್ನ ಗಮನ ಚದುರುತ್ತಿದೆಯೆ ಎಂದು ಆಕೆ ತನ್ನನ್ನು ತಾನೇ ಕೇಳಿಕೊಳ್ಳಬೇಕಾಗುತ್ತದೆ.

ಹಾಗಾದರೆ ಇಷ್ಟನ್ನೂ ಅರಿತ ಆರೋಗ್ಯ ಸಿಬ್ಬಂದಿಯು ಕಾಯಿಲೆಯಲ್ಲಿ ಮನೆಯಲ್ಲಿಯೇ ಉಳಿಯುತ್ತಾರೆಯೆ? ಅಮೆರಿಕದ ಫಿಲಡೆಲ್ಫಿಯಾ ನಗರದ ಮಕ್ಕಳ ಆಸ್ಪತ್ರೆಯೊಂದರಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಉತ್ತರ ಕೊಡುತ್ತದೆ. ವೈದ್ಯರು, ಉನ್ನತ ತರಬೇತಿ ಪಡೆದ ದಾದಿಯರು ಮೊದಲಾಗಿ 536 ಮಂದಿ ಅದರ ಪ್ರಶ್ನೆಗಳಿಗೆ ಉತ್ತರಿಸಿದರು. ಕಾಯಿಲೆಯಲ್ಲಿ ಕೆಲಸ ಮಾಡುವುದರಿಂದ ರೋಗಿಗಳಿಗೆ ಅಪಾಯವಿದೆಯೆಂದು ಅವರಲ್ಲಿ ಶೇಕಡ 95 ಮಂದಿ ಒಪ್ಪಿಕೊಂಡರು. ಆದರೂ ಹಿಂದಿನ ಒಂದು ವರ್ಷದಲ್ಲಿ ಒಮ್ಮೆಯಾದರೂ ತಾವು ಕಾಯಿಲೆಯಲ್ಲಿದ್ದುಕೊಂಡೇ ಕೆಲಸ ಮಾಡಿದುದಾಗಿ ಶೇಕಡ 83 ಮಂದಿ ತಿಳಿಸಿದರು. ಕಾರಣವೇನೆಂದು ಕೇಳಿದಾಗ, ಜೊತೆಯವರಿಗೆ ಕಷ್ಟ ಕೊಡಬಾರದೆಂದು, ತಮ್ಮ ಸ್ಥಾನಕ್ಕೆ ಬರುವವರಿಲ್ಲವೆಂದು, ರೋಗಿಗಳ ಕೈಬಿಡಬಾರದೆಂದು ಬಹುತೇಕ ಎಲ್ಲರೂ ಹೇಳಿದರು.

ಈ ಅಂಕಿಗಳನ್ನು ನಾವು ನಿಧಾನವಾಗಿ ಪರಿಶೀಲಿಸಬೇಕು. ಇವರು ಕೆಲಸಕ್ಕೆ ಹೋದದ್ದು ಅಜ್ಞಾನದಿಂದಲ್ಲ. ಅಪಾಯವನ್ನು ತಿಳಿದೇ ಹೋದರು. ಸ್ವಾರ್ಥದಿಂದಲೂ ಅಲ್ಲ, ಪರರ ಹಿತವನ್ನು ನೆನೆದೇ ಹೋದರು. ಮನೆಯಲ್ಲಿ ಉಳಿದರೆ ಜೊತೆಯವರಿಗೆ ತೊಂದರೆ, ಹೋದರೆ ರೋಗಿಗೆ ತೊಂದರೆ, ಹೀಗೆ ಎರಡು ಕರ್ತವ್ಯಗಳ ನಡುವೆ ಸಿಕ್ಕಿಕೊಂಡವರು ಅವರು. ದುಡಿದ ದಿನಕ್ಕೆ ಮಾತ್ರ ಸಂಬಳ ದೊರೆಯುವ ಕಡೆಗಳಲ್ಲಿ ಮೂರನೆಯದಾದ ಹೊಟ್ಟೆಪಾಡಿನ ಚಿಂತೆಯೂ ಸೇರಿಕೊಳ್ಳುತ್ತದೆ. ಆದುದರಿಂದ ಕಾಯಿಲೆಯಾದಾಗ ಕೆಲಸಕ್ಕೆ ಹೋದ ದಾದಿಯನ್ನು ತಪ್ಪಿತಸ್ಥಳೆಂದು ಹಳಿಯುವುದು ಸುಲಭವಾದರೂ ನ್ಯಾಯವಲ್ಲ.

ಎಲ್ಲ ಕಾಯಿಲೆಗೂ ಒಂದೇ ನಿಯಮ ಹೊಂದುವುದಿಲ್ಲವೆಂಬುದನ್ನೂ ನೆನಪಿಡಬೇಕು. ತಲೆನೋವು, ಬೆನ್ನುನೋವುಗಳು ಮತ್ತೊಬ್ಬರಿಗೆ ಅಂಟುವುದಿಲ್ಲ. ದೇಹದಲ್ಲಿ ಶಕ್ತಿಯೂ ಬುದ್ಧಿಯಲ್ಲಿ ಎಚ್ಚರವೂ ಇದ್ದರೆ ದಾದಿಯು ಕೆಲಸ ಮಾಡಬಹುದು. ಅಂಟುರೋಗಗಳ ವಿಷಯದಲ್ಲಿ ಮಾತ್ರ ವೈದ್ಯಶಾಸ್ತ್ರವು ಸ್ಪಷ್ಟವಾದ ಗಡುವುಗಳನ್ನು ಸೂಚಿಸುತ್ತದೆ. ವಾಂತಿಭೇದಿಯಾದರೆ ಅದು ಪೂರ್ಣವಾಗಿ ನಿಂತ ಮೇಲೆಯೂ 48 ಗಂಟೆಗಳ ಕಾಲ ದೂರವಿರಬೇಕು. ಇನ್‌ಫ್ಲುಯೆಂಜಾ ಬಂದರೆ, ಜ್ವರ ಇಳಿಸುವ ಮಾತ್ರೆಯ ನೆರವಿಲ್ಲದೆ ಕನಿಷ್ಠ 24 ಗಂಟೆಗಳಾದರೂ ಜ್ವರವಿಲ್ಲದೆ ಇರಬೇಕು. ಸೀತಾಳೆ ಸಿಡುಬಿನಲ್ಲಿ ಗುಳ್ಳೆಗಳೆಲ್ಲವೂ ಒಣಗಿ ಹೊಪ್ಪಳೆಗಟ್ಟುವವರೆಗೆ ಕಾಯಬೇಕು. ಮಾತ್ರೆ ನುಂಗಿದ್ದರಿಂದ ಮೈ ತಣ್ಣಗಾಯಿತೆಂದ ಮಾತ್ರಕ್ಕೆ ಸೋಂಕು ಹೋಯಿತೆಂದು ತಿಳಿಯಲಾಗದು. ಮಾತ್ರೆಯು ಜ್ವರವನ್ನು ಇಳಿಸುತ್ತದೆಯೇ ಹೊರತು ವೈರಸ್ಸನ್ನು ಹೊರದೂಡುವುದಿಲ್ಲ.

ಚಿಹ್ನೆಗಳು ತೋರುವ ಮೊದಲೇ ಹರಡುವ ರೋಗಗಳೂ ಇರುವುದರಿಂದ ಮನೆಯಲ್ಲಿ ಉಳಿಯುವುದೊಂದೇ ಪೂರ್ಣವಾದ ರಕ್ಷಣೆಯಲ್ಲ. ಕೈತೊಳೆಯುವುದು, ಮುಖಗವಸು ಧರಿಸುವುದು, ಲಸಿಕೆ ಹಾಕಿಸಿಕೊಳ್ಳುವುದು ಇವೆಲ್ಲವೂ ಅದರ ಜೊತೆಗೆ ಇರಲೇಬೇಕು. 2003ರಲ್ಲಿ ಸಾರ್ಸ್ ಎಂಬ ಹೊಸ ಜ್ವರವು ಹಲವು ದೇಶಗಳಲ್ಲಿ ಹಬ್ಬಿದಾಗ 8,096 ಮಂದಿ ಅದಕ್ಕೆ ಗುರಿಯಾದರು. ಅವರಲ್ಲಿ 1,706 ಮಂದಿ, ಎಂದರೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚಿನವರು, ಆರೋಗ್ಯ ಸೇವೆಯಲ್ಲಿದ್ದವರೇ ಆಗಿದ್ದರು. ರೋಗಿಯಿಂದ ದಾದಿಗೆ, ದಾದಿಯಿಂದ ರೋಗಿಗೆ ಸೋಂಕು ಸಾಗಬಲ್ಲ ದಾರಿ ಎಷ್ಟು ಹತ್ತಿರದ್ದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಅಂಟುರೋಗ ತಗಲಿದ ದಾದಿಯು ಕೆಲಸದಿಂದ ದೂರವಿರಬೇಕೆಂಬುದು ಇದರಿಂದ ಸ್ಪಷ್ಟವಾಯಿತು. ಆದರೆ ಇದನ್ನು ಆಕೆಯೊಬ್ಬಳಿಗೆ ಉಪದೇಶಿಸಿ ಸುಮ್ಮನಾದರೆ ಸಾಲದು. ಆಕೆಯ ಸ್ಥಾನದಲ್ಲಿ ನಿಲ್ಲಲು ಮತ್ತೊಬ್ಬರಿರಬೇಕು. ಜಗತ್ತಿನಲ್ಲಿ 2023ರಲ್ಲಿ ಸುಮಾರು 2 ಕೋಟಿ 98 ಲಕ್ಷ ದಾದಿಯರಿದ್ದರೆಂದೂ, ಇನ್ನೂ 58 ಲಕ್ಷದಷ್ಟು ಕೊರತೆಯಿತ್ತೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಕೊರತೆಯಿರುವಲ್ಲಿ ಒಬ್ಬರ ರಜೆಯು ಇನ್ನೊಬ್ಬರ ಹೊರೆಯಾಗುವುದು ಸಹಜ. ಆದುದರಿಂದ ಪ್ರತಿಯೊಂದು ಆಸ್ಪತ್ರೆಯೂ, ಯಾರಿಗಾದರೂ ಕಾಯಿಲೆ ಬಂದೇ ಬರುತ್ತದೆಯೆಂದು ಮೊದಲೇ ಎಣಿಸಿ, ಅದಕ್ಕೆ ತಕ್ಕಷ್ಟು ಹೆಚ್ಚುವರಿ ಸಿಬ್ಬಂದಿಯನ್ನು ಇಟ್ಟುಕೊಳ್ಳಬೇಕಾಗುತ್ತದೆ.

ಎರಡನೆಯದಾಗಿ, ಕಾಯಿಲೆಯ ದಿನದ ಸಂಬಳವೂ ಆಕೆಗೆ ದೊರೆಯಬೇಕು. ಈ ವಿಚಾರ ಹೊಸದೇನಲ್ಲ. ಜರ್ಮನಿಯು 1883ರಲ್ಲಿಯೇ ಕಾರ್ಮಿಕರಿಗೆ ಕಾಯಿಲೆಯ ವಿಮೆಯನ್ನು ಕಾನೂನಿನ ಮೂಲಕ ಏರ್ಪಡಿಸಿತು. ನಮ್ಮ ದೇಶದಲ್ಲಿ 1948ರ ನೌಕರರ ರಾಜ್ಯ ವಿಮಾ ಕಾಯಿದೆಯು ಕಾಯಿಲೆ ಬಿದ್ದ ಕಾರ್ಮಿಕನಿಗೆ ವೇತನದ ಒಂದು ಭಾಗವನ್ನು ಕೊಡುವ ಪದ್ಧತಿಗೆ ದಾರಿ ಮಾಡಿತು. ಮೂರನೆಯದಾಗಿ, ರಜೆ ಕೇಳಿದವರನ್ನು ಮೈಗಳ್ಳರೆಂದು ಕಾಣುವ ದೃಷ್ಟಿಯೂ ಬದಲಾಗಬೇಕು. ಮೇಲಧಿಕಾರಿಯ ಒಂದು ಬಿರುನೋಟಕ್ಕೆ ಹೆದರಿ ಜ್ವರವನ್ನು ಮುಚ್ಚಿಟ್ಟುಕೊಂಡು ಬಂದ ದಾದಿಯಿಂದ ಆಸ್ಪತ್ರೆಗೆ ಲಾಭವಿಲ್ಲ.

ದಾದಿಯೆಂದೊಡನೆ ನಮಗೆ ನೆನಪಾಗುವವರು ಫ್ಲಾರೆನ್ಸ್ ನೈಟಿಂಗೇಲ್. 1854ರಲ್ಲಿ 38 ಮಂದಿ ದಾದಿಯರೊಡನೆ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆ ಹೋದ ಈಕೆ, ರಾತ್ರಿಯ ಹೊತ್ತು ದೀಪ ಹಿಡಿದು ರೋಗಿಗಳ ನಡುವೆ ನಡೆದುದನ್ನು ಎಲ್ಲರೂ ಬಲ್ಲರು. ಆದರೆ 1855ರ ಮೇ ತಿಂಗಳಲ್ಲಿ ಅವರೇ ತೀವ್ರವಾದ ಜ್ವರಕ್ಕೆ ತುತ್ತಾಗಿ ಹಾಸಿಗೆ ಹಿಡಿದರೆಂಬುದನ್ನು ನೆನೆಯುವವರು ಕಡಿಮೆ. ಸ್ವದೇಶಕ್ಕೆ ಮರಳಿದ ಮೇಲೆ ಅವರ ಆರೋಗ್ಯವು ಬಹುಕಾಲ ಕೆಟ್ಟೇ ಇದ್ದಿತು. ಬಹಳ ವರ್ಷಗಳನ್ನು ಕೊಠಡಿಯಲ್ಲಿಯೇ ಕಳೆಯಬೇಕಾಯಿತು. ಆ ಕೊಠಡಿಯಿಂದಲೇ ಅವರು ಅಂಕಿಅಂಶಗಳನ್ನು ಕೂಡಿಸಿ ಸೈನಿಕ ಆಸ್ಪತ್ರೆಗಳ ಸುಧಾರಣೆಗೆ ದುಡಿದರು. 1860ರಲ್ಲಿ ಲಂಡನ್ನಿನಲ್ಲಿ ದಾದಿಯರ ಶಾಲೆಯ ಸ್ಥಾಪನೆಗೆ ಕಾರಣರಾದರು. ಭಾರತಕ್ಕೆ ಒಮ್ಮೆಯೂ ಬಾರದೆ ಇಲ್ಲಿನ ನೈರ್ಮಲ್ಯದ ಬಗೆಗೆ ವರದಿಗಳನ್ನು ಬರೆದರು. ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತಿರುವುದೊಂದೇ ಸೇವೆಯಲ್ಲವೆಂಬುದಕ್ಕೆ ಅವರ ಬಾಳೇ ನಿದರ್ಶನ.

ಈ ವಿವೇಚನೆಯು ಆಸ್ಪತ್ರೆಗೆ ಮಾತ್ರ ಸೀಮಿತವಾದುದಲ್ಲ. ಒಂದು ದಿನವೂ ತಪ್ಪದೆ ಶಾಲೆಗೆ ಬಂದ ವಿದ್ಯಾರ್ಥಿಯನ್ನು ನಾವು ಮೆಚ್ಚುತ್ತೇವೆ, ಮೆಚ್ಚತಕ್ಕದ್ದೇ. ಆದರೆ ಕಣ್ಣುಬೇನೆ ಬಂದಾಗ, ಸೀತಾಳೆ ಸಿಡುಬು ಎದ್ದಾಗ, ಹಾಜರಿ ತಪ್ಪಬಾರದೆಂದು ತರಗತಿಯಲ್ಲಿ ಬಂದು ಕುಳಿತವನು ತನ್ನ ಸಾಲಿನ ಗೆಳೆಯರಿಗೂ, ಅವರ ಮನೆಯಲ್ಲಿರುವ ಮುದುಕರು ಮಕ್ಕಳಿಗೂ ಕಾಯಿಲೆಯನ್ನು ಹಂಚಿದಂತಾಗುತ್ತದೆ. ಅವನು ಮನೆಯಲ್ಲಿ ಉಳಿಯಬೇಕು. ಅವನಿಗೆ ತಪ್ಪಿಹೋದ ಪಾಠವನ್ನು ಗೆಳೆಯರು ಬರೆದು ಕೊಡಬೇಕು. ಕಾಯಿಲೆ ಬಿದ್ದ ದಾದಿಯ ವಿಷಯದಲ್ಲಿ ಸಮಾಜವು ಮಾಡಬೇಕಾದುದೂ ಇದನ್ನೇ. ಉಳಿಯುವುದು ಆಕೆಯ ಕರ್ತವ್ಯ. ಆಕೆ ನಿಶ್ಚಿಂತೆಯಿಂದ ಉಳಿಯುವಂತೆ ಮಾಡುವುದು ಉಳಿದವರೆಲ್ಲರ ಕರ್ತವ್ಯ.